ಡಾ. ರುಸ್ತುಂ ಜಾಲ್ ವಕೀಲ್ (1911-1974): ಸರ್ಪಗಂಧದ ಬೇರಿನಿಂದ ಸೆರೊಟೋನಿನ್ ಅರಿವಿನವರೆಗೆ

ಭಾರತದಲ್ಲಿ ಆಧುನಿಕ ಹೃದ್ರೋಗ ಚಿಕಿತ್ಸೆಗೆ ಬುನಾದಿ ಹಾಕಿದ ವೈದ್ಯರಲ್ಲಿ ಡಾ. ರುಸ್ತುಂ ಜಾಲ್ ವಕೀಲ್ ಅವರು ಪ್ರಮುಖರು. ಅಧಿಕ ರಕ್ತದೊತ್ತಡಕ್ಕೆ ಪರಿಣಾಮಕಾರಿ ಔಷಧಿಗಳು ವಿರಳವಾಗಿದ್ದ ಕಾಲದಲ್ಲಿ, ನಮ್ಮ ದೇಶದ ವೈದ್ಯ ಪರಂಪರೆಯಲ್ಲಿ ಬಳಕೆಯಲ್ಲಿದ್ದ ಸರ್ಪಗಂಧದ ಬೇರನ್ನು ಕ್ರಮಬದ್ಧ ಪರೀಕ್ಷೆಗೆ ಒಳಪಡಿಸಿ ಜಗತ್ತಿನ ಗಮನಕ್ಕೆ ತಂದ ಕೀರ್ತಿ ಅವರದು. ಅದೇ ಬೇರಿನ ಮುಂದಿನ ಅಧ್ಯಯನವು ಸೆರೊಟೋನಿನ್ ಎಂಬ ರಾಸಾಯನಿಕದ ಬಗೆಗಿನ ತಿಳುವಳಿಕೆಗೂ ದಾರಿ ಮಾಡಿಕೊಟ್ಟಿತು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ಸಾರ್ವಜನಿಕರ ತಿಳುವಳಿಕೆಗಾಗಿ ಅವರ ಜೀವನ ಸಾಧನೆಯನ್ನು ಸಂಕ್ಷಿಪ್ತವಾಗಿ ಇಲ್ಲಿ ನೀಡಲಾಗಿದೆ.

ಜೀವನ ಮತ್ತು ಸೇವೆ

ಪಾರ್ಸಿ ಸಮುದಾಯಕ್ಕೆ ಸೇರಿದ ವಕೀಲ್ ಅವರು 1911ರಲ್ಲಿ ಜನಿಸಿದರು. ಲಂಡನ್ನಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದು ಸ್ವದೇಶಕ್ಕೆ ಮರಳಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞರಾಗಿ ಸೇವೆ ಸಲ್ಲಿಸಿದರು.

ಸರ್ಪಗಂಧದ ಕುರಿತು ಅವರಿಗಿಂತ ಮೊದಲೇ ಭಾರತೀಯರು ಕೆಲಸ ಮಾಡಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಈ ಬೇರು ರಕ್ತದೊತ್ತಡವನ್ನು ತಗ್ಗಿಸುವುದನ್ನೂ ಉನ್ಮಾದದ ರೋಗಿಗಳನ್ನು ಶಾಂತಗೊಳಿಸುವುದನ್ನೂ ವರದಿ ಮಾಡಿದ್ದರು. ಅದೇ ವರ್ಷ ಸಲೀಮುಜ್ಜಮಾನ್ ಸಿದ್ದಿಕಿ ಅವರು ದೆಹಲಿಯಲ್ಲಿ ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಒಂದಕ್ಕೆ ಹಕೀಂ ಅಜ್ಮಲ್ ಖಾನ್ ಅವರ ಗೌರವಾರ್ಥ ಅಜ್ಮಲಿನ್ ಎಂದು ಹೆಸರಿಟ್ಟಿದ್ದರು. ಆದರೆ ಈ ಕೆಲಸಗಳು ಪಾಶ್ಚಾತ್ಯ ವೈದ್ಯರ ಗಮನವನ್ನು ಹೆಚ್ಚಾಗಿ ಸೆಳೆದಿರಲಿಲ್ಲ.

ವಕೀಲ್ ಅವರು 50 ರಕ್ತದೊತ್ತಡ ರೋಗಿಗಳಿಗೆ ಸರ್ಪಗಂಧವನ್ನು ನೀಡಿ, ಪ್ರತಿಯೊಬ್ಬರ ಒತ್ತಡದ ಏರಿಳಿತವನ್ನು ದಾಖಲಿಸಿದರು. ಅದರ ಫಲಿತಾಂಶ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಇದರಿಂದ ಯುರೋಪ್ ಮತ್ತು ಅಮೆರಿಕದ ಸಂಶೋಧಕರು ಈ ಬೇರಿನತ್ತ ತಿರುಗಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಬೇರಿನ ಮುಖ್ಯ ಔಷಧಾಂಶವಾದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ವಕೀಲ್ ಅವರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿಯೂ 1958ರಲ್ಲಿ ಪದ್ಮಭೂಷಣ ಪ್ರಶಸ್ತಿಯೂ ಸಂದವು. ಅವರು 1974ರಲ್ಲಿ ನಿಧನರಾದರು.

ಸೆರೊಟೋನಿನ್ ಎಂದರೇನು?

ಸೆರೊಟೋನಿನ್ ನಮ್ಮ ದೇಹವೇ ತಯಾರಿಸುವ ಒಂದು ರಾಸಾಯನಿಕ ಸಂದೇಶವಾಹಕ. ಬೇಳೆಕಾಳು, ಹಾಲು, ಮೊಟ್ಟೆ, ಶೇಂಗಾ ಮುಂತಾದ ಆಹಾರದಲ್ಲಿರುವ ಟ್ರಿಪ್ಟೋಫಾನ್ ಎಂಬ ಅಂಶದಿಂದ ಅದು ಉತ್ಪತ್ತಿಯಾಗುತ್ತದೆ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಇರುವುದು ಮಿದುಳಿನಲ್ಲಲ್ಲ, ಜೀರ್ಣಾಂಗಗಳಲ್ಲಿ. ಅಲ್ಲಿ ಅದು ಕರುಳಿನ ಚಲನೆಯನ್ನು ನಿಯಂತ್ರಿಸುತ್ತದೆ. ವಾಕರಿಕೆ, ವಾಂತಿಯಲ್ಲಿಯೂ ಅದರ ಪಾತ್ರವಿದೆ. ರಕ್ತದ ಪ್ಲೇಟ್‌ಲೆಟ್ ಕಣಗಳು ಅದನ್ನು ಹೊತ್ತೊಯ್ದು, ಗಾಯವಾದಾಗ ಬಿಡುಗಡೆ ಮಾಡಿ ರಕ್ತ ಹೆಪ್ಪುಗಟ್ಟಲು ನೆರವಾಗುತ್ತವೆ. ಮಿದುಳಿನಲ್ಲಿ ಇರುವುದು ಅಲ್ಪ ಪ್ರಮಾಣವಾದರೂ ನಿದ್ರೆ, ಹಸಿವು, ನೋವಿನ ಅನುಭವ ಮತ್ತು ಮನಸ್ಥಿತಿಯ ನಿಯಂತ್ರಣದಲ್ಲಿ ಅದು ಪಾಲ್ಗೊಳ್ಳುತ್ತದೆ.

ಇಟಲಿಯ ವಿಟ್ಟೋರಿಯೊ ಎರ್ಸ್ಪಾಮರ್ ಅವರು 1930ರ ದಶಕದಲ್ಲಿ ಇದನ್ನು ಜೀರ್ಣಾಂಗಗಳಲ್ಲಿ ಕಂಡು ಎಂಟರಮಿನ್ ಎಂದು ಕರೆದಿದ್ದರು. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರ‍್ಯಾಪೋರ್ಟ್, ಗ್ರೀನ್ ಮತ್ತು ಪೇಜ್ ಅವರು ರಕ್ತದೊತ್ತಡದ ಕಾರಣಗಳನ್ನು ಅರಸುತ್ತಿದ್ದಾಗ, ರಕ್ತನಾಳಗಳನ್ನು ಸಂಕುಚಿಸುವ ಅಂಶವೊಂದನ್ನು ರಕ್ತದ ಸೀರಂನಿಂದ ಬೇರ್ಪಡಿಸಿ ಸೆರೊಟೋನಿನ್ ಎಂದು ಹೆಸರಿಟ್ಟರು. ಎರಡೂ ಒಂದೇ ಎಂಬುದು 1952ರಲ್ಲಿ ಖಚಿತವಾಯಿತು. 1953ರಲ್ಲಿ ಅದು ಮಿದುಳಿನಲ್ಲಿಯೂ ಇದೆ ಎಂದು ವರದಿಯಾಯಿತು.

ಸರ್ಪಗಂಧಕ್ಕೂ ಸೆರೊಟೋನಿನ್‌ಗೂ ಇರುವ ಸಂಬಂಧ

ನರಕೋಶಗಳ ತುದಿಯಲ್ಲಿ ರಾಸಾಯನಿಕ ಸಂದೇಶವಾಹಕಗಳನ್ನು ಕೂಡಿಡುವ ಅತಿ ಸಣ್ಣ ಚೀಲಗಳಿವೆ. ರಿಸರ್ಪಿನ್ ಈ ಸಂಗ್ರಹಕ್ಕೆ ಅಡ್ಡಿಯಾಗುತ್ತದೆ. ಆಗ ನಾರ್‌ಅಡ್ರಿನಲಿನ್ ಕಡಿಮೆಯಾಗಿ ರಕ್ತದೊತ್ತಡ ಇಳಿಯುತ್ತದೆ. ಅದರ ಜೊತೆಗೆ ಮಿದುಳಿನ ಸೆರೊಟೋನಿನ್ ಕೂಡ ಕಡಿಮೆಯಾಗುತ್ತದೆ ಎಂಬುದನ್ನು 1955ರಲ್ಲಿ ಅಮೆರಿಕದ ಬ್ರೋಡಿ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. ಅದೇ ದಶಕದಲ್ಲಿ ರಿಸರ್ಪಿನ್ ಸೇವಿಸಿದ ಕೆಲವರಲ್ಲಿ ಖಿನ್ನತೆ ಕಾಣಿಸಿಕೊಂಡಿತೆಂದು ವೈದ್ಯರು ವರದಿ ಮಾಡಿದರು. ಮನಸ್ಸಿನ ಕಾಯಿಲೆಗೂ ದೇಹದ ರಾಸಾಯನಿಕಗಳಿಗೂ ನಂಟಿದೆ ಎಂಬ ವಿಚಾರಕ್ಕೆ ಇದರಿಂದ ಬಲ ಬಂದಿತು. ಸೆರೊಟೋನಿನ್ ಮೇಲೆ ಪರಿಣಾಮ ಬೀರುವ ಖಿನ್ನತೆಯ ಔಷಧಿಗಳು ಮುಂದಿನ ದಶಕಗಳಲ್ಲಿ ಬಂದವು.

ಆದರೆ ಸೆರೊಟೋನಿನ್ ಕೊರತೆಯೊಂದರಿಂದಲೇ ಖಿನ್ನತೆ ಬರುತ್ತದೆ ಎಂಬ ಸರಳ ವಿವರಣೆಯನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ರಿಸರ್ಪಿನ್‌ಗೂ ಖಿನ್ನತೆಗೂ ಇರುವ ಸಂಬಂಧವೂ ಅಂದು ಭಾವಿಸಿದಷ್ಟು ದೃಢವಾಗಿಲ್ಲವೆಂದು ನಂತರದ ಪರಿಶೀಲನೆಗಳು ತಿಳಿಸಿವೆ. ಅನುವಂಶೀಯತೆ, ದೀರ್ಘಕಾಲದ ಕಾಯಿಲೆ, ಸಾಲ, ಸಾವುನೋವು, ಕೌಟುಂಬಿಕ ಸಂಕಷ್ಟ ಮುಂತಾದ ಹಲವು ಕಾರಣಗಳು ಸೇರಿ ಖಿನ್ನತೆ ಉಂಟಾಗಬಹುದು. ಅದು ರೋಗಿಯ ದೌರ್ಬಲ್ಯವಾಗಲಿ, ಯಾರದೋ ಶಾಪವಾಗಲಿ ಅಲ್ಲ. ರಕ್ತದೊತ್ತಡದಂತೆಯೇ ಚಿಕಿತ್ಸೆಗೆ ಒಳಪಡುವ ಕಾಯಿಲೆ.

ಸಾರ್ವಜನಿಕರ ಗಮನಕ್ಕೆ

1. ಸರ್ಪಗಂಧದ ಬೇರು ಅಥವಾ ಪುಡಿಯನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಖಿನ್ನತೆ ಇರುವವರು, ಈಗಾಗಲೇ ರಕ್ತದೊತ್ತಡದ ಮಾತ್ರೆ ಸೇವಿಸುತ್ತಿರುವವರು ಹಾಗೂ ಗರ್ಭಿಣಿಯರು ವಿಶೇಷ ಎಚ್ಚರ ವಹಿಸತಕ್ಕದ್ದು.

2. ಚಿಂಚೋಳಿ ವನ್ಯಜೀವಿಧಾಮದಲ್ಲಿ ಅನುಮತಿಯಿಲ್ಲದೆ ಗಿಡಮೂಲಿಕೆಗಳನ್ನು ಕೀಳುವುದು ಕಾನೂನುಬಾಹಿರ.

3. ರಕ್ತದೊತ್ತಡ ಅಥವಾ ಖಿನ್ನತೆಯ ಮಾತ್ರೆಗಳನ್ನು ಗುಣವಾಯಿತೆಂದು ತಾವಾಗಿಯೇ ಹಠಾತ್ತನೆ ನಿಲ್ಲಿಸಬಾರದು.

4. ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಸರ, ನಿದ್ರಾಹೀನತೆ, ಕೆಲಸದಲ್ಲಿ ನಿರಾಸಕ್ತಿ ಇದ್ದಲ್ಲಿ, ಅಥವಾ ಯಾವುದೇ ಸಮಯದಲ್ಲಿ ಸಾವಿನ ಯೋಚನೆ ಬಂದಲ್ಲಿ, ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿಯ ನಿವಾಸಿಗಳು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಬಗ್ಗೆ ವಿಚಾರಿಸಬಹುದು. ವಾಡಿ ಮತ್ತು ಶಹಾಬಾದ ನಿವಾಸಿಗಳು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು.

5. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವುದೇ ವೇಳೆಯಲ್ಲಿ ಉಚಿತವಾಗಿ ಕರೆ ಮಾಡಿ ಸಮಾಲೋಚನೆ ಪಡೆಯಬಹುದು.

6. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ದೀರ್ಘಕಾಲದ ತೀವ್ರ ಮಾನಸಿಕ ಕಾಯಿಲೆಯು ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ವ್ಯಾಪ್ತಿಗೆ ಬರುವುದರಿಂದ, ಅರ್ಹರು ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು.

ಸಾರ್ವಜನಿಕರು ಸಂಕೋಚವಿಲ್ಲದೆ ಈ ಸೇವೆಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.