ರೂವಾರಿ ಮಲ್ಲಿತಮ್ಮ: ಪ್ರಕೃತಿ, ಶಿಲ್ಪ ಮತ್ತು ಕ್ಷಯ

ತರೀಕೆರೆ ತಾಲ್ಲೂಕಿನ ಅಮೃತಾಪುರವು ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಸರಿದಂತೆ ಅಜ್ಜಂಪುರ, ಕಡೂರುಗಳ ಬಯಲುಸೀಮೆ ತೆರೆದುಕೊಳ್ಳುತ್ತದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕನೊಬ್ಬನು 1196ರಲ್ಲಿ ಇಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ರೂವಾರಿ ಮಲ್ಲಿತಮ್ಮನ ವೃತ್ತಿಜೀವನವು ಈ ದೇವಾಲಯದ ಮಂಟಪದ ಭುವನೇಶ್ವರಿಗಳ ಕೆತ್ತನೆಯಿಂದ ಆರಂಭವಾಯಿತೆಂಬುದು ವಿದ್ವಾಂಸರ ಅಭಿಪ್ರಾಯ.

ಇಲ್ಲಿನ ಶಾಸನದ ಪದ್ಯಗಳನ್ನು ರಚಿಸಿದ ಜನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದಿತ್ತು. ಅವನ ಕಾವ್ಯಗಳೂ ನಮಗೆ ಉಳಿದಿವೆ. ಮಲ್ಲಿತಮ್ಮನ ಚರಿತ್ರೆಗಾದರೋ ಶಿಲ್ಪಗಳಲ್ಲಿ ಕೊರೆದ ಹೆಸರೇ ಮುಖ್ಯ ಆಧಾರ. ಅದು ಕೆಲವೆಡೆ ಪೂರ್ಣವಾಗಿದೆ, ಕೆಲವೆಡೆ 'ಮಲ್ಲಿ' ಎಂದು ಮೊಟಕಾಗಿದೆ, ಮತ್ತೆ ಕೆಲವೆಡೆ 'ಮ' ಎಂಬ ಒಂದೇ ಅಕ್ಷರವಾಗಿದೆ. ನುಗ್ಗೇಹಳ್ಳಿಯಲ್ಲಿ (1246) ಉತ್ತರದ ಭಿತ್ತಿಯ ಶಿಲ್ಪಗಳು ಇವನವು, ದಕ್ಷಿಣದವು ಬೈಚೋಜನವು. ಸೋಮನಾಥಪುರದಲ್ಲಿ ಇವನ ಹೆಸರು ಹಲವು ಮೂರ್ತಿಗಳ ಮೇಲಿದೆ. ಆ ದೇವಾಲಯದ ಕಾಲವನ್ನು ಕೆಲವರು 1258 ಎಂದೂ ಕೆಲವರು 1268 ಎಂದೂ ಗಣಿಸುತ್ತಾರೆ. ಅಮೃತಾಪುರದಲ್ಲಿ ಅವನು ಇಪ್ಪತ್ತರ ತರುಣನಾಗಿದ್ದನೆಂದು ಭಾವಿಸಿದರೂ, ಮೊದಲ ಗಣನೆಯಂತೆ ಸೋಮನಾಥಪುರದ ವೇಳೆಗೆ ಎಂಬತ್ತೆರಡು ವರ್ಷದವನಾಗಿರಬೇಕು. ಇದು ಒಬ್ಬನದೇ ದೀರ್ಘ ಜೀವನವೋ, ಒಂದೇ ಹೆಸರಿನ ಇಬ್ಬರದೋ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಉತ್ತರವನ್ನು ಅಕ್ಷರರೂಪ ಮತ್ತು ಶೈಲಿಗಳ ತೌಲನಿಕ ಅಧ್ಯಯನದಿಂದಲೇ ಪಡೆಯಬೇಕಾಗಿದೆ.

ಜರ್ಮನಿಯ ರಮ್ಯಪಂಥದ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ (1774-1840) ಎಲ್ಡೆನಾದ ಪಾಳುಮಠವನ್ನು ಮತ್ತೆ ಮತ್ತೆ ಚಿತ್ರಿಸಿದನು. ಅಲ್ಲಿ ಕ್ಷಯವು ಕಲಾವಿದನು ಆಯ್ದುಕೊಂಡ ವಸ್ತು. ಹೊಯ್ಸಳ ಶಿಲ್ಪಿಯ ದೃಷ್ಟಿ ಬೇರೆಯದು. ಭುವನೇಶ್ವರಿಗಳ ಹೂವಿನ ವಿನ್ಯಾಸಗಳಲ್ಲಿ ಬಾಡಿದ ಎಸಳನ್ನು ಅವನು ಕಂಡರಿಸಲಿಲ್ಲ. ಪ್ರಕೃತಿಯು ಅಲ್ಲಿ ಸದಾ ಅರಳುವ ಸ್ಥಿತಿಯಲ್ಲಿಯೇ ಇದೆ. ಆದರೆ ಅವನು ಕೆತ್ತಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದಂತೆ ಗಡುಸು. ಹಾಗಿದ್ದೂ ಶತಮಾನಗಳ ಮಳೆಬಿಸಿಲಿಗೆ ಸವೆಯದೆ ಇರಲಾರದು. ಶಿಲ್ಪಿಯು ಚಿತ್ರಿಸದ ಕ್ಷಯವು ಹೀಗೆ ಅವನ ಕೃತಿಯನ್ನೇ ಆವರಿಸುತ್ತದೆ.

ಶಿಲ್ಪ ಸವೆದರೂ ಅದರ ಆಕಾರವನ್ನು ಊಹಿಸಿಕೊಳ್ಳಬಹುದು. ಅಕ್ಷರ ಸವೆದರೆ ರೂವಾರಿಯೇ ಅಳಿಯುತ್ತಾನೆ. ಆದ್ದರಿಂದ ಮಲ್ಲಿತಮ್ಮನ ಅಂಕಿತಗಳೆಲ್ಲವನ್ನೂ ಸ್ಥಳ, ಅಳತೆ, ಲಿಪಿರೂಪಗಳೊಡನೆ ಒಂದೆಡೆ ದಾಖಲಿಸುವುದು ಅವನ ಜೀವನಚರಿತ್ರೆಯ ಮೊದಲ ಕಾರ್ಯವಾಗಬೇಕು.