ಡ್ಯೂಕ್ಸ್ ಅವರ ರಿಜಿಸ್ಟರ್

ಕಾಮರ್ಸ್‌ನವಳಿಗೆ ಕ್ಯಾನ್ಸರ್ ಡಾಕ್ಟರ ಕಥೆ ಯಾಕೆ ಎಂದು ಗೆಳತಿಯರು ನಕ್ಕರು. ಆದರೆ ಕತ್‌ಬರ್ಟ್ ಡ್ಯೂಕ್ಸ್ ಅವರ ಅರ್ಧ ಕೆಲಸ ನಮ್ಮ ಲೆಡ್ಜರ್ ಬರೆಯುವ ಕೆಲಸದಂತೆಯೇ ಇದೆ.

ಡ್ಯೂಕ್ಸ್ 1890ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿದರು. ಮೊದಲ ಮಹಾಯುದ್ಧದಲ್ಲಿ ಸೈನ್ಯದ ಡಾಕ್ಟರಾಗಿದ್ದು, 1922ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪೆಥಾಲಜಿಸ್ಟ್ ಆದರು. ಗುದನಾಳದ ಕ್ಯಾನ್ಸರ್ ಎಷ್ಟು ಹರಡಿದೆ ಎಂದು ನೋಡಿ 1932ರಲ್ಲಿ ಎ, ಬಿ, ಸಿ ಎಂಬ ಹಂತಗಳನ್ನು ಮಾಡಿದರು. ಅವರು ಹೆಸರಾದದ್ದು ಅದರಿಂದಲೇ. ನನಗೆ ಮಾತ್ರ ಅವರ ರಿಜಿಸ್ಟರ್ ದೊಡ್ಡದು ಅನ್ನಿಸಿತು.

ಕೆಲವೇ ಕೆಲವು ಕುಟುಂಬಗಳಲ್ಲಿ ಚಿಕ್ಕ ವಯಸ್ಸಿಗೇ ದೊಡ್ಡ ಕರುಳಿನೊಳಗೆ ನೂರಾರು ಗಂಟುಗಳು ಏಳುತ್ತವೆ. ಇವಕ್ಕೆ ಪಾಲಿಪ್ ಎನ್ನುತ್ತಾರೆ. ಆ ಆಸ್ಪತ್ರೆಯ ಸರ್ಜನ್ ಲಾಕ್‌ಹಾರ್ಟ್-ಮಮ್ಮರಿ 1925ರಲ್ಲಿ ಅಂಥ ಮೂರು ಕುಟುಂಬಗಳ ಬಗ್ಗೆ ಬರೆದರು. ಡ್ಯೂಕ್ಸ್ ಅಲ್ಲಿಗೆ ಬಿಡಲಿಲ್ಲ. ಬಸ್ಸಿ ಎಂಬ ಹುಡುಗ ಲ್ಯಾಬ್ ಸಹಾಯಕನಾಗಿದ್ದ, ಹೆಚ್ಚುಕಡಿಮೆ ನಮ್ಮ ವಯಸ್ಸಿನವನು. ಅವನ ಜೊತೆ ಕೂತು ಒಂದೊಂದು ಮನೆತನದ ಲೆಕ್ಕ ಇಟ್ಟರು. ಯಾರಿಗೆ ಬಂತು, ಯಾವ ವಯಸ್ಸಿನಲ್ಲಿ, ಮಕ್ಕಳಲ್ಲಿ ಯಾರಿಗೆ? ವರ್ಷಗಟ್ಟಲೆ ಬರೆದ ಮೇಲೆ ವಿಷಯ ಸ್ಪಷ್ಟವಾಯಿತು. ಗಂಟು ಮೊದಲು ಬರುತ್ತದೆ, ಕ್ಯಾನ್ಸರ್ ಎಷ್ಟೋ ವರ್ಷಗಳ ನಂತರ. ನಡುವಿನ ಆ ವರ್ಷಗಳಲ್ಲಿ ಪರೀಕ್ಷೆ ಮಾಡಿದರೆ ಜೀವ ಉಳಿಸಬಹುದು.

ಡ್ಯೂಕ್ಸ್ 1977ರಲ್ಲಿ ತೀರಿಕೊಂಡರು. ಕಾರಣವಾದ ಎಪಿಸಿ ಜೀನ್ ಸಿಕ್ಕಿದ್ದು 1991ರಲ್ಲಿ. ಪ್ರತಿ ಜೀನ್ ನಮ್ಮಲ್ಲಿ ಎರಡೆರಡು ಇರುತ್ತದೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಈ ಕುಟುಂಬದವರಲ್ಲಿ ಎಪಿಸಿಯ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಕರುಳಿನ ಯಾವುದೋ ಒಂದು ಕೋಶದಲ್ಲಿ ಇನ್ನೊಂದೂ ಕೆಟ್ಟರೆ ಅಲ್ಲಿ ಗಂಟು ಶುರು. ಅದೇ ಗಂಟಿನಲ್ಲಿ ಕೆ-ರಾಸ್ ಎಂಬ ಜೀನ್ ಕೆಟ್ಟರೆ ಗಂಟು ಬೆಳೆಯುತ್ತದೆ. ಹಾಳಾದ ಕೋಶವನ್ನು ತಡೆಯುವ ಪಿ53 ಕೂಡ ಹೋದರೆ ಕ್ಯಾನ್ಸರ್ ಆಗುತ್ತದೆ. ಒಂದು ಜೀನ್ ಕೆಟ್ಟರೆ ಸಾಲದು, ಹಲವು ಸೇರಬೇಕು. ಅದಕ್ಕೇ ಅಷ್ಟು ವರ್ಷ ಹಿಡಿಯುವುದು. ಮನೆತನದಲ್ಲಿ ಇಲ್ಲದವರಿಗೂ ಸಾಮಾನ್ಯವಾಗಿ ಇದೇ ದಾರಿ, ಆದರೆ ಎಲ್ಲವೂ ಹುಟ್ಟಿದ ಮೇಲೆ ಕೆಡಬೇಕು.

ನಮ್ಮ ನಾನಾ, ಆಮೇಲೆ ಮಾಮೂ, ಇಬ್ಬರೂ ಕರುಳಿನ ಕ್ಯಾನ್ಸರ್‌ನಿಂದಲೇ ಹೋದರು. ಮನೆಯಲ್ಲಿ ಅದನ್ನು ಹೊಟ್ಟೆನೋವು ಎಂದೇ ಹೇಳುತ್ತಾರೆ. ಖಾಲಾ ಮಗಳಿಗೆ ರಿಶ್ತಾ ನೋಡುತ್ತಿದ್ದಾರೆ, ಹೊರಗೆ ಬಾಯಿ ಬಿಡಬೇಡ ಎಂದು ಅಮ್ಮಿ ಗದರಿದರು. ಊರಿಗೆ ಹೇಳುವುದು ಬೇಡ ಅಮ್ಮಿ, ಡಾಕ್ಟರಿಗೆ ಹೇಳೋಣ ಎಂದೆ. ಅವರು ಮಾತಾಡಲಿಲ್ಲ.

ರಾತ್ರಿ ಅಕೌಂಟ್ಸ್ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೆರೆ ಎಳೆದು ಇಬ್ಬರ ಹೆಸರು ಬರೆದೆ. ವಯಸ್ಸಿನ ಕಾಲಂ ಖಾಲಿ ಇತ್ತು. ಬೆಳಿಗ್ಗೆ ನೋಡಿದರೆ ಮಾಮೂ ಹೆಸರಿನ ಮುಂದೆ ಅಮ್ಮಿ ತಮ್ಮ ಕೈಯಾರೆ 41 ಎಂದು ಬರೆದಿದ್ದರು. ಕೆಳಗೆ ತಮ್ಮ ಹೆಸರೂ ಇತ್ತು, 44.