ಹೆಜ್ಜೆ ಚಿಕ್ಕದಾದರೆ ಗಡಿ ಉದ್ದ: ಲೂಯಿಸ್ ಫ್ರೈ ರಿಚರ್ಡ್‌ಸನ್

ಬೋಧನಾಭ್ಯಾಸದ ಮೂರನೇ ವಾರ ಒಂಬತ್ತನೇ ತರಗತಿಗೆ ಒಂದು ಚಟುವಟಿಕೆ ಕೊಟ್ಟಿದ್ದೆ. ಭೂಪಟದಲ್ಲಿರುವ ಕಾಡಿನ ಅಂಚಿನ ಉದ್ದವನ್ನು ಡಿವೈಡರ್‌ನಿಂದ ಅಳೆಯಬೇಕು. ಅದರ ಕಾಲುಗಳನ್ನು ಎಷ್ಟು ಅಗಲಿಸಬೇಕೆಂದು ಹೇಳಲು ಮರೆತಿದ್ದೆ. ಒಂದು ಗುಂಪಿಗೆ 38 ಸೆಂ.ಮೀ. ಬಂತು, ಇನ್ನೊಂದಕ್ಕೆ 46. ನನ್ನ ಪಾಠ ಯೋಜನೆಯಲ್ಲಿ 38 ಎಂದಿತ್ತು. ಎರಡನೇ ಗುಂಪಿನ ಉತ್ತರಕ್ಕೆ ತಪ್ಪು ಹಾಕಿದೆ. ಮತ್ತೆ ಅಳೆದು ತೋರಿಸುತ್ತೇನೆಂದು ಎದ್ದ ಹುಡುಗಿಯನ್ನು ಕೂರಿಸಿದೆ. ಸಂಜೆ ಅವಲೋಕನ ಬರೆಯಲು ಕುಳಿತಾಗ ನೆನಪಾದವರು ರಿಚರ್ಡ್‌ಸನ್.

ರಿಚರ್ಡ್‌ಸನ್ 1881ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ, ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದ ಕುಟುಂಬದಲ್ಲಿ ಹುಟ್ಟಿದರು. ಕೇಂಬ್ರಿಜ್‌ನಲ್ಲಿ ಓದಿ ಹವಾಮಾನ ಇಲಾಖೆ ಸೇರಿದರು. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ ಫ್ರಾನ್ಸ್‌ನಲ್ಲಿ ಆಂಬುಲೆನ್ಸ್ ಓಡಿಸಿದರು. ಆ ವರ್ಷಗಳಲ್ಲೇ, 1910ರ ಮೇ 20ರ ಹವಾಮಾನವನ್ನು ಕೈಯಿಂದಲೇ ಲೆಕ್ಕ ಹಾಕಿ ನೋಡಿದರು. ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್ ಏರಬೇಕೆಂದು ಉತ್ತರ ಬಂತು. ನಿಜದಲ್ಲಿ ಅದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆ ತಪ್ಪನ್ನು ಅವರು ಮುಚ್ಚಿಡಲಿಲ್ಲ. 1922ರ ತಮ್ಮ ಗ್ರಂಥದಲ್ಲಿ ಲೆಕ್ಕವನ್ನು ಪೂರ್ತಿ ಅಚ್ಚು ಹಾಕಿಸಿದರು.

ಇಲಾಖೆ ವಾಯುಪಡೆಯ ಸಚಿವಾಲಯದ ಅಧೀನಕ್ಕೆ ಹೋದಾಗ, 1920ರಲ್ಲಿ, ಕೆಲಸ ಬಿಟ್ಟರು. ಮುಂದೆ ಅವರು ಭೌತಶಾಸ್ತ್ರ ಕಲಿಸಿದ್ದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ. ಅಂದರೆ ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ.

ಯುದ್ಧಗಳೇಕೆ ಆಗುತ್ತವೆ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ನೆರೆಯ ದೇಶಗಳ ಗಡಿಯ ಉದ್ದಕ್ಕೂ ಯುದ್ಧಕ್ಕೂ ಸಂಬಂಧವಿದೆಯೇ ಎಂದು ಹುಡುಕುವಾಗ ಒಂದು ವಿಚಿತ್ರ ಕಂಡಿತು. ಸ್ಪೇನ್–ಪೋರ್ಚುಗಲ್ ಗಡಿ ಒಂದು ಕಡೆ 987 ಕಿ.ಮೀ. ಎಂದಿದ್ದರೆ ಇನ್ನೊಂದು ಕಡೆ 1214 ಕಿ.ಮೀ. ಎಂದಿತ್ತು. ಅವರು ಯಾವುದಕ್ಕೂ ತಪ್ಪು ಹಾಕಲಿಲ್ಲ. ನಕ್ಷೆಯ ಮೇಲೆ ಡಿವೈಡರ್ ನಡೆಸಿದರು. ಪ್ರತಿ ಸಲ ಹೆಜ್ಜೆ ಬದಲಿಸಿದರು. ದೊಡ್ಡ ಹೆಜ್ಜೆ ಸಣ್ಣ ತಿರುವುಗಳನ್ನು ದಾಟಿಬಿಡುತ್ತದೆ, ಚಿಕ್ಕ ಹೆಜ್ಜೆ ಅವುಗಳೊಳಗೆ ಇಳಿಯುತ್ತದೆ. ಹೀಗಾಗಿ ಹೆಜ್ಜೆ ಕಿರಿದಾದಷ್ಟೂ ಉದ್ದ ಬೆಳೆಯುತ್ತದೆ. ಈ ಬೆಳವಣಿಗೆಗೂ ಒಂದು ನಿಯಮವಿದೆ. ನುಣುಪಾದ ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಅದು ಅತ್ಯಲ್ಪ, ಅಂಕುಡೊಂಕಾದ ಬ್ರಿಟನ್ನಿನ ಪಶ್ಚಿಮ ಕರಾವಳಿಯಲ್ಲಿ ಹೆಚ್ಚು.

1953ರಲ್ಲಿ ಅವರು ತೀರಿಕೊಂಡರು. ಈ ಬರಹ ಅಚ್ಚಾದದ್ದು 1961ರಲ್ಲಿ. 1967ರಲ್ಲಿ ಮ್ಯಾಂಡೆಲ್‌ಬ್ರಾಟ್ ಇದನ್ನೇ ಆಧರಿಸಿ, ಅಂಕುಡೊಂಕನ್ನು ಭಿನ್ನರಾಶಿಯ ಆಯಾಮವಾಗಿ ವಿವರಿಸಿದರು. ಇಂದು ಪರಿಸರ ವಿಜ್ಞಾನಿಗಳು ಕಾಡಿನ ತುಣುಕುಗಳ ಅಂಚನ್ನು ಅಳೆಯಲು ಈ ಆಯಾಮವನ್ನು ಬಳಸುತ್ತಾರೆ. ಮನುಷ್ಯ ಕಡಿದು ಉಳಿಸಿದ ತುಣುಕಿನ ಅಂಚು ಸಾಮಾನ್ಯವಾಗಿ ನೇರ, ತಾನಾಗಿ ಬೆಳೆದದ್ದರ ಅಂಚು ವಕ್ರ. ಉಪಗ್ರಹ ಚಿತ್ರದ ಒಂದು ಚೌಕ 30 ಮೀಟರೋ 10 ಮೀಟರೋ ಎಂಬುದನ್ನು ಹೇಳದೆ ಅಂಚಿನ ಉದ್ದ ಹೇಳಿದರೆ ಆ ಸಂಖ್ಯೆಗೆ ಅರ್ಥವಿಲ್ಲ.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಆ ಹುಡುಗಿಯನ್ನು ಕರೆದು ಹೇಗೆ ಅಳೆದಳೆಂದು ಕೇಳಿದೆ. ಅವರ ಗುಂಪು ಅರ್ಧ ಸೆಂ.ಮೀ. ಹೆಜ್ಜೆ ಇಟ್ಟಿತ್ತು, ಮೊದಲ ಗುಂಪು ಎರಡು ಸೆಂ.ಮೀ. ಕಪ್ಪುಹಲಗೆಯ ಕೋಷ್ಟಕದಲ್ಲಿ ಉದ್ದದ ಪಕ್ಕಕ್ಕೆ ಹೆಜ್ಜೆಯ ಅಳತೆಗೂ ಒಂದು ಕಾಲಂ ಎಳೆದೆ. ಮೊದಲ ಸಾಲನ್ನು ಅವಳೇ ತುಂಬಿದಳು.